ಮಿಸ್ಸಿನ ಹೊಸ ಅಡ್ಮಿಷನ್

ನಮ್ಮ ಅಂಗನವಾಡಿ ಮಿಸ್ಸಿನ ಎಡತೋಳಿನ ಮೇಲೆ, ರವಿಕೆಯ ತೋಳು ಮುಗಿಯುವ ಜಾಗದಲ್ಲಿ, ಎರಡು ಸಣ್ಣ ಗುಳಿಗಳಿದ್ದವು. ಅಕ್ಕಿ ಕಾಳಿನಷ್ಟು ಉದ್ದ, ಸುತ್ತಲಿನ ಚರ್ಮಕ್ಕಿಂತ ಚೂರು ಬಿಳುಪು. ನೋಡಿದವರು ಯಾವುದೋ ಚುಚ್ಚುಮದ್ದಿನ ಕಲೆ ಅಂದುಕೊಳ್ಳುತ್ತಿದ್ದರು. ಅಲ್ಲ, ಅವು ನನ್ನ ಹಲ್ಲುಗಳು. ಮೂರು ವರ್ಷದವನಿದ್ದಾಗ, ಅಂಗನವಾಡಿಯ ಮೊದಲ ದಿನ, ಅಮ್ಮನ ಸೊಂಟದಿಂದ ನನ್ನನ್ನು ಬಿಡಿಸಿಕೊಳ್ಳಲು ಬಂದ ಆ ತೋಳಿಗೆ ನಾನು ಬಾಯಿ ಹಾಕಿದ್ದೆ. ಬಿಡಿಸಲು ಇಬ್ಬರು ಬೇಕಾಯಿತಂತೆ. ಮುಂದೆ ನಿಟ್ಟೂರಿಗೆ ಹೊಸಬರು ಯಾರೇ ಬರಲಿ, ನನ್ನ ಪರಿಚಯ ಮಾಡಿಕೊಡುವಾಗ ಮಿಸ್ಸು ಸೆರಗು ಸರಿಸಿ ಆ ಗುಳಿಗಳನ್ನು ತೋರಿಸುತ್ತಿದ್ದರು. "ನನ್ ಸ್ಟೂಡೆಂಟು. ನೋಡಿ, ಸೈನ್ ಹಾಕವ್ನೆ."

ಕಚ್ಚಿದ ಮೇಲೆ ನಾನು ಅತ್ತೆ. ಕಚ್ಚಿಸಿಕೊಂಡವರು ಅಳುವುದು ನ್ಯಾಯ, ಆದರೆ ನ್ಯಾಯದ ವಿಷಯದಲ್ಲಿ ನಾನು ಆಗಿನಿಂದಲೂ ಸ್ವಲ್ಪ ಹಿಂದೆ. ನನ್ನ ಅಳುವಿಗೆ ಮೂರು ಭಾಗವಿತ್ತು ಎಂದು ಅಮ್ಮ ಹೇಳುತ್ತಾಳೆ. ಮೊದಲು ಉದ್ದನೆಯ ಒಂದು ರಾಗ, ಆಮೇಲೆ ಬಿಕ್ಕಳಿಕೆ, ಕೊನೆಗೆ ಮೂಗಿನಿಂದ ಸಣ್ಣದೊಂದು ಸಿಳ್ಳೆ. ಅಮ್ಮ ಮನೆಗೆ ಹೋದಳು. ಮಿಸ್ಸು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು, ಒಂದು ನಿಮಿಷ ಗಮನವಿಟ್ಟು ಕೇಳಿದರು, ಆಮೇಲೆ ಅದೇ ಅಳುವನ್ನು ಶುರು ಮಾಡಿದರು. ರಾಗ, ಬಿಕ್ಕಳಿಕೆ, ಸಿಳ್ಳೆ, ಒಂದೂ ಬಿಡಲಿಲ್ಲ. ನಾನು ಗಪ್ಪನೆ ನಿಲ್ಲಿಸಿದೆ. ನನ್ನ ಸ್ವಂತ ಅಳುವನ್ನು ಬೇರೆಯವರ ಬಾಯಲ್ಲಿ ಕೇಳುವುದು ಎಂಥ ಅವಮಾನ ಎಂದು ಮೂರನೇ ವಯಸ್ಸಿಗೇ ತಿಳಿದವನು ನಾನು. ನಾನು ನಿಲ್ಲಿಸಿದ ಕೂಡಲೇ ಮಿಸ್ಸು ಆ ರಾಗವನ್ನು ಮೆಲ್ಲಗೆ ತಿರುಗಿಸಿ ಪ್ಯಾಸೆಂಜರ್ ರೈಲು ಮಾಡಿದರು. ರೈಲು ನಿಟ್ಟೂರು ಸ್ಟೇಷನ್ ಬಿಟ್ಟು ಗುಬ್ಬಿ ಕಡೆ ಹೋಗುವ ಹೊತ್ತಿಗೆ ನಾನು ನಗುತ್ತಿದ್ದೆನಂತೆ.

ಇದು ಅವರ ಕೆಲಸದ ರೀತಿ. ಅಳುವ ಮಗುವಿಗೆ ಬಿಸ್ಕತ್ತು ಕೊಡುತ್ತಿರಲಿಲ್ಲ, ಗುಮ್ಮ ಬರುತ್ತದೆ ಎಂದು ಹೆದರಿಸುತ್ತಿರಲಿಲ್ಲ. ಮಗುವಿನ ಅಳುವನ್ನು ಮಗುವಿಗೇ ವಾಪಸ್ ಕೊಡುತ್ತಿದ್ದರು. ಊರಿನ ನೂರಾರು ಮಕ್ಕಳ ಅಳು ಅವರಿಗೆ ಬಾಯಿಪಾಠವಿತ್ತು. ನಾನು ಕಾಲೇಜಿಗೆ ಹೋಗುವಾಗಲೂ ಹುಡುಗಿಯರ ಎದುರು ನನ್ನ ಮೂರು ಭಾಗದ ಅಳುವನ್ನು ಅತ್ತು ತೋರಿಸಿ ನನ್ನ ಮಾನ ತೆಗೆದಿದ್ದಾರೆ. ಆದರೆ ಬೈಯುವ ಹಾಗಿಲ್ಲ. ಇವತ್ತು ನಾನು ಉಣ್ಣುವ ಅನ್ನ ಅದೇ ಅಣಕದ್ದು. ತುಮಕೂರಿನ ಶಿರಾ ಗೇಟಿನ ಹತ್ತಿರ ಒಂದು ಪುಟ್ಟ ರೆಕಾರ್ಡಿಂಗ್ ಅಂಗಡಿಯಲ್ಲಿ ಪ್ರಚಾರದ ಆಟೊಗಳಿಗೆ ದನಿ ಕೊಡುತ್ತೇನೆ. ತುಮಕೂರಿನ ಬೀದಿಯಲ್ಲಿ ಹಳೇ ಪಾತ್ರೆ ಕೊಳ್ಳುವ ಮುದುಕ ಕೂಗಿದರೂ ನಾನೇ, ಹಪ್ಪಳ ಮಾರುವ ಹೆಂಗಸು ಕೂಗಿದರೂ ನಾನೇ. ಅವರಿಬ್ಬರೂ ಎದುರುಬದುರು ಬಂದು ಒಬ್ಬರನ್ನೊಬ್ಬರು ಮೀರಿಸಿ ಕೂಗುವಾಗ ನನಗೆ ನನ್ನ ಜತೆಗೇ ಜಗಳವಾದಂತೆ ಅನಿಸುತ್ತದೆ. ಈ ವಿದ್ಯೆ ಎಲ್ಲಿ ಕಲಿತೆ ಅಂತ ಯಾರಾದರೂ ಕೇಳಿದರೆ ಅಂಗನವಾಡಿ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಮಿಸ್ಸು ಕುಣಿಗಲ್ ಸೀಮೆಯ ಹೆಣ್ಣುಮಗಳು. ಮಾರ್ಕೋನಹಳ್ಳಿ ನಾಲೆಯ ಏರಿ ಮೇಲೆ ಓಡಿ ಬೆಳೆದವರು. ಓಡುವುದು ಎಷ್ಟು ಅಭ್ಯಾಸವೆಂದರೆ ಅವರು ನಡೆದದ್ದನ್ನು ನಾನು ಕಂಡದ್ದೇ ಕಡಿಮೆ. ಅಂಗಳದಲ್ಲಿ ಮಗು ಬಿದ್ದ ಸದ್ದಿಗೂ ಅದು ಅಳಲು ಬಾಯಿ ತೆರೆಯುವುದಕ್ಕೂ ನಡುವೆ ಒಂದು ಉಸಿರಿನ ಹೊತ್ತು ಇರುತ್ತದಲ್ಲ, ಅಷ್ಟರಲ್ಲಿ ಅವರು ಅಲ್ಲಿರುತ್ತಿದ್ದರು. ಅವರ ಯಜಮಾನರು ತೆಂಗಿನ ತೋಟ ನೋಡಿಕೊಂಡಿದ್ದ ಮೌನಿ. ಮನೆಯ ಮಾತೆಲ್ಲ ಮಿಸ್ಸಿನ ಪಾಲಿಗೇ ಬಂದಿತ್ತು.

ತಿಂಗಳಿಗೊಮ್ಮೆ ತೂಕದ ದಿನ. ತೊಲೆಗೆ ನೇತುಹಾಕಿದ ಗಡಿಯಾರದಂಥ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಚಡ್ಡಿ. ಮಿಸ್ಸು ಒಂದೊಂದೇ ಮಗುವನ್ನು ಎತ್ತಿ ಎರಡು ಕಾಲನ್ನೂ ಆ ಚಡ್ಡಿಗೆ ಇಳಿಬಿಟ್ಟು, ಮುಳ್ಳು ನಿಲ್ಲುವ ತನಕ ಕಾದು, ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಡುತ್ತಿದ್ದರು. ಹಸಿರಲ್ಲಿ ಬಿದ್ದರೆ ಕ್ಷೇಮ, ಹಳದಿಯಲ್ಲಿ ಬಿದ್ದರೆ ಎಚ್ಚರ, ಕೆಂಪಾದರೆ ಅವತ್ತೇ ಆ ಮನೆಗೆ ಭೇಟಿ. ಆದರೆ ತಕ್ಕಡಿಯನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. "ತಕ್ಕಡಿ ಮಾತು ಆಮೇಲೆ, ತೋಳು ಮೊದ್ಲು" ಎನ್ನುವುದು ಅವರ ಮಾತು. ತೋಳನ್ನು ಹಿಡಿದು ನೋಡುತ್ತಿದ್ದರು, ಪಾದದ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಒತ್ತಿದ ಗುಳಿ ಹಾಗೇ ಉಳಿದರೆ, ಮಗು ದುಂಡಗಿದೆ ಎಂದು ಹಿಗ್ಗುತ್ತಿದ್ದ ತಾಯಿಗೆ ಮೆಲ್ಲಗೆ ಹೇಳುತ್ತಿದ್ದರು, ಇದು ಮೈ ಅಲ್ಲ ಕಣವ್ವ, ನೀರು ಅಂತ.

ನಾನು ತುಮಕೂರಿನಲ್ಲಿ ಡಿಗ್ರಿ ಎಂಬ ನಾಟಕ ಆಡುತ್ತಿದ್ದ ಕೊನೆಯ ವರ್ಷ ಮಿಸ್ಸಿಗೆ ಒಂದು ಜ್ವರ ಬಂದು ಹೋಯಿತು. ಜ್ವರ ಹೋಯಿತು, ಆಯಾಸ ಉಳಿಯಿತು. ಅಂಗನವಾಡಿಯ ಮೂರು ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ನಿಲ್ಲುವಂತಾದರು. ಒಂದು ದಿನ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ತಮ್ಮ ಪಾದದ ಮೇಲೆ ತಾವೇ ಹೆಬ್ಬೆರಳು ಒತ್ತಿ ನೋಡಿದರಂತೆ. ಗುಳಿ ಹಾಗೇ ಉಳಿಯಿತು. ಡಾಕ್ಟರಿಗಿಂತ ಮೊದಲು ಅವರಿಗೇ ಗೊತ್ತಾಯಿತು. ಹೃದಯದ ಸ್ನಾಯು ಸಡಿಲಾಗಿ ಹಿಗ್ಗಿಹೋಗಿದೆ, ಔಷಧಿಯಲ್ಲಿ ಆಗುವ ಕೆಲಸವಲ್ಲ, ಬೇರೆ ಹೃದಯವನ್ನೇ ಹಾಕಬೇಕು ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದರು. ಹೆಸರು ಬರೆಸಿ ಕಾದರು. ಎಂಟು ತಿಂಗಳು. ಒಂದು ಬೆಳಿಗ್ಗೆ ಫೋನು ಬಂತು, ಕಾರು ಬಂತು. ನಮ್ಮಮ್ಮ ಬಾಗಿಲಲ್ಲಿ ನಿಂತು ಕೈಮುಗಿದಳು. ಯಾರಿಗೆ ಮುಗಿದೆ ಎಂದು ಕೇಳಿದರೆ, ಆ ಇನ್ನೊಂದು ಮನೆಯವರಿಗೆ ಕಣೋ ಅಂದಳು. ಆ ಮನೆ ಯಾವುದು, ಹೃದಯ ಕೊಟ್ಟು ಹೋದವರು ಯಾರು, ನಮಗೆ ಯಾರಿಗೂ ಗೊತ್ತಾಗಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮಿಸ್ಸು ಊರಿಗೆ ಬಂದಾಗ ನಾನು ಅವರ ಗುರುತು ಹಿಡಿಯಲಿಲ್ಲ. ಮುಖ ಎಣ್ಣೆಯಿಂದ ಆಗ ತಾನೇ ತೆಗೆದ ಪೂರಿಯ ಹಾಗೆ ಉಬ್ಬಿತ್ತು. ಹೊಟ್ಟೆ ಬಂದಿತ್ತು. ಸೀರೆಯ ಕೆಳಗೆ ಕಾಣುವ ಕಾಲು ಮಾತ್ರ ಸಣ್ಣ ಹುಡುಗಿಯ ಕಾಲು. ಹೊಸ ಹೃದಯವನ್ನು ಮೈ ಹೊರಗಿನದು ಎಂದು ದೂಡದಿರಲಿ ಅಂತ ಕೊಡುವ ಮಾತ್ರೆಗಳಲ್ಲಿ ಒಂದರ ಕೆಲಸವಂತೆ ಅದು. ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು. ಟೀಚರಮ್ಮಂಗೆ ಬೆಂಗಳೂರು ನೀರು ಚೆನ್ನಾಗಿ ಹಿಡಿಸ್ತು, ಮೈಕೈ ತುಂಬ್ಕೊಂಡವ್ರೆ. ಮಿಸ್ಸು ಮಾಸ್ಕಿನ ಒಳಗೇ ನಕ್ಕರು. ಅವರೆಲ್ಲ ಹೋದ ಮೇಲೆ ನನ್ನನ್ನು ಕರೆದು ಎಡತೋಳು ತೋರಿಸಿದರು. ತೋಳು ಎಷ್ಟು ಇಳಿದಿತ್ತೆಂದರೆ ಒಂದು ಬೆರಳಗಲ ದೂರವಿದ್ದ ಆ ಎರಡು ಗುಳಿಗಳು ಹತ್ತಿರ ಹತ್ತಿರ ಬಂದಿದ್ದವು.

"ನೋಡ್ಲಾ, ನಿನ್ ಹಲ್ಲು ಒಂದಕ್ಕೊಂದು ಅಂಟ್ಕಂಡವೆ."

ನಾನು ಎದ್ದು ಹೋಗಿ ಅವರ ಮಾತ್ರೆಗೆ ನೀರು ತಂದೆ.

ವಾರಕ್ಕೊಮ್ಮೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಶಿರಾ ಗೇಟಿನ ಹತ್ತಿರದ ಫಿಸಿಯೋ ಮೇಡಂ ಹತ್ತಿರ ಹೋಗುವ ಕೆಲಸ ನನಗೆ ಬಿತ್ತು. ಅಲ್ಲೊಂದು ಯಂತ್ರವಿತ್ತು. ಬರಿಗಾಲಲ್ಲಿ ಹತ್ತಿ ಎರಡು ಹಿಡಿ ಹಿಡಿದು ನಿಂತರೆ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳುವ ಯಂತ್ರ. ಮಿಸ್ಸಿನ ಒಟ್ಟು ತೂಕ ಕಾಯಿಲೆಗೆ ಮುಂಚೆ ಎಷ್ಟಿತ್ತೋ ಈಗಲೂ ಅಷ್ಟೇ. ಆದರೆ ಒಳಗಿನ ಸಾಮಾನು ಬದಲಾಗಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದು, ಮಾತ್ರೆಯೂ ಸೇರಿ, ತೊಡೆಯ, ತೋಳಿನ ಸ್ನಾಯು ಕರಗಿಹೋಗಿತ್ತು. ಅದರ ಜಾಗಕ್ಕೆ ಹೊಟ್ಟೆಯಲ್ಲಿ ಕೊಬ್ಬು ಬಂದು ಕೂತಿತ್ತು. ಮೇಡಂ ಇದನ್ನು ಇನ್ನೂ ವಿವರಿಸುತ್ತಿದ್ದರು, ಮಿಸ್ಸು ನಡುವೆ ಬಾಯಿ ಹಾಕಿ, ನಮ್ ಸೆಂಟರ್‌ನಲ್ಲಿ ಇದನ್ನ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ ಬುಡಿ ಮೇಡಂ, ತಕ್ಕಡಿ ಮಾತು ಆಮೇಲೆ ಅಂದರು. ಆಮೇಲೆ ಸುಮ್ಮನಿರಲಾರದೆ ನನ್ನನ್ನೂ ಆ ಯಂತ್ರ ಹತ್ತಿಸಿದರು. ಇಪ್ಪತ್ತೊಂದು ವರ್ಷದ ಗಂಡಸಿಗೆ ಇಷ್ಟು ಕಡಿಮೆ ಸ್ನಾಯುವೇ ಎಂದು ಮೇಡಂ ಎರಡು ಸಲ ಗುಂಡಿ ಒತ್ತಿ ನೋಡಿದರು. ಸಂಜೆಯೊಳಗೆ ಈ ಸುದ್ದಿ ನಿಟ್ಟೂರಿನ ಪ್ರತಿ ಮನೆಗೂ ಮುಟ್ಟಿತ್ತು. ಮುಟ್ಟಿಸಿದವರು ಯಾರು ಎಂದು ಹೇಳಬೇಕಾಗಿಲ್ಲ.

ಅವತ್ತೇ ಮೇಡಂ ಇನ್ನೊಂದು ವಿಷಯ ಹೇಳಿದರು. ಹೃದಯ ಬದಲಿಸುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲಾಗುವುದಿಲ್ಲ. ನಾವು ಓಡಿದರೆ ಮಿದುಳಿನಿಂದ ನಮ್ಮ ಹೃದಯಕ್ಕೆ ತಕ್ಷಣ ಸುದ್ದಿ ಹೋಗುತ್ತದೆ, ಅದೂ ಜೋರಾಗಿ ಬಡಿಯುತ್ತದೆ. ಮಿಸ್ಸಿನ ಹೃದಯಕ್ಕೆ ಆ ದಾರಿ ಇಲ್ಲ. ರಕ್ತದಲ್ಲಿ ಬೆರೆತು ಬರುವ ರಸಗಳಿಂದಲೇ ಅದು ತಿಳಿಯಬೇಕು, ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಆದ್ದರಿಂದ ಏನೇ ಮಾಡುವ ಮುಂಚೆ ಹತ್ತು ನಿಮಿಷ ಮೆಲ್ಲಗೆ ನಡೆದು ಅದನ್ನು ಸಿದ್ಧ ಮಾಡಬೇಕು. ದಿಢೀರನೆ ಎದ್ದು ಓಡುವಂತೆಯೇ ಇಲ್ಲ. ನಾನು ಕಣ್ಣು ಕಣ್ಣು ಬಿಟ್ಟೆ. ಮಿಸ್ಸಿಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ.

"ಹಂಗಂದ್ರೆ ಹೊಸ ಅಡ್ಮಿಷನ್ನು ಅನ್ನಿ. ಹೆಸರಿಡಿದು ಕರೆದ್ರೆ ತಿರುಗಿ ನೋಡಲ್ಲ. ಜೋರು ಮಾಡ್ಬಾರ್ದು. ಪಕ್ಕದಲ್ಲಿ ಸುಮ್ನೆ ಕೂತಿದ್ರೆ ಒಂದ್ ನಾಕ್ ನಿಮಿಷಕ್ಕೆ ತಾನೇ ಬರ್ತದೆ."

ಅಲ್ಲಿಂದ ಆ ಹೃದಯದ ಹೆಸರು ಅದೇ ಆಯಿತು. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ, ಎದೆ ಮೇಲೆ ಅಂಗೈ ಇಟ್ಟು, ಏಳಪ್ಪಾ ಹೊಸ ಅಡ್ಮಿಷನ್ನೇ, ವಾಕಿಂಗ್ ಹೋಗಣ ಎನ್ನುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ, ಅಂಗನವಾಡಿಗೆ ವಾಪಸ್ ಹೋಗುವುದು. ವರ್ಷ ಕಳೆಯಲಿ, ಮಾಸ್ಕ್ ಹಾಕಿಕೊಂಡು, ಶೀತ ಕೆಮ್ಮಿನ ಮಕ್ಕಳಿಂದ ದೂರ ಇರುವುದಾದರೆ ನೋಡೋಣ ಎಂದು ಡಾಕ್ಟರು ಅರ್ಧ ಒಪ್ಪಿದ್ದರು. ಉಳಿದರ್ಧ ಸೂಪರ್‌ವೈಸರ್ ಮೇಡಂ ಕೈಯಲ್ಲಿತ್ತು. ಅವರು ಮನೆಗೇ ಬಂದು ಕಾಫಿ ಕುಡಿದು, ಬೇಸರ ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳಿ, ಆಮೇಲೆ ಹೇಳಿದರು. ಜೂನಿನ ತೂಕದ ದಿನಕ್ಕೆ ಬರುತ್ತೇನೆ, ಅವತ್ತು ನೀವೇ ಮಗುವನ್ನು ಎತ್ತಿ ತಕ್ಕಡಿಗೆ ಹಾಕಿದರೆ ಕೆಲಸದಲ್ಲಿರಿ. ಆಗದಿದ್ದರೆ ಕೆಲಸ ಬಿಡುತ್ತೇನೆಂದು ನೀವೇ ಬರೆದುಕೊಟ್ಟುಬಿಡಿ, ನನ್ನ ಕೈಯಲ್ಲಿ ಬರೆಸಬೇಡಿ. ಆಗ ಡಿಸೆಂಬರ್. ಮಿಸ್ಸಿಗೆ ನೆಲದಲ್ಲಿ ಕೂತರೆ ಯಾರಾದರೂ ಕೈ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಅಂಗನವಾಡಿ ಎಂದರೆ ಇಡೀ ದಿನ ನೆಲದ ಕೆಲಸ.

ರಾಗಿ ಮಗು ಹುಟ್ಟಿದ್ದು ಹೀಗೆ. ಮಿಸ್ಸು ಹಳೇ ಹಾಸಿಗೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದರು, ಕೈ ಕಾಲು ಇರುವಂಥ ಚೀಲ. ಅದಕ್ಕೆ ಎರಡು ಸೇರು ರಾಗಿ ತುಂಬಿದರು. ನಾನು ಇದ್ದಿಲಲ್ಲಿ ಕಣ್ಣು, ಮೂಗು ಬರೆದು, ನನ್ನ ಹಳೇ ಅಂಗಿ ತೊಡಿಸಿದೆ. ವಾರಕ್ಕೆ ಅರ್ಧ ಸೇರು ರಾಗಿ ಸೇರಿಸುವುದು, ದಿನಕ್ಕೆ ಇಷ್ಟು ಸಲ ಎತ್ತಿ ಇಳಿಸುವುದು, ಅಂಗನವಾಡಿಯ ಪುಟ್ಟ ಕುರ್ಚಿಯಿಂದ ಕೈ ಊರದೆ ಇಷ್ಟು ಸಲ ಏಳುವುದು. ಫಿಸಿಯೋ ಮೇಡಂ ಕೊಟ್ಟ ಲೆಕ್ಕವನ್ನೆಲ್ಲ ಮಿಸ್ಸು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಒಂದು ಖಾಲಿ ಬೆಳವಣಿಗೆಯ ಚಾರ್ಟ್ ಗೋಡೆಗೆ ಅಂಟಿಸಿ ರಾಗಿ ಮಗುವಿಗೆ ವಾರ ವಾರ ಚುಕ್ಕೆ ಇಟ್ಟರು. ಮೊದಲ ಚುಕ್ಕೆ ಕೆಂಪಿನ ತಳದಲ್ಲಿ ಬಿತ್ತು. ಎತ್ತುವಾಗ ಬಾಗಿಲ ಮರೆಯಲ್ಲಿ ನಿಂತು ನಾನು ರಾಗಿ ಮಗುವಿಗೆ ದನಿ ಕೊಡುತ್ತಿದ್ದೆ. ಮಿಸ್ ನಿಧಾನ ಮಿಸ್, ಬೀಳಿಸಿದ್ರೆ ಮುದ್ದೆ ಆಗೋಗ್ತೀನಿ ಮಿಸ್. ಅವರು ನಗು ತಡೆಯಲಾರದೆ ಅರ್ಧಕ್ಕೇ ಇಳಿಸಿ, ನಿನ್ ಬಾಯಿ ಮುಚ್ಚಿಸೋಕೂ ಒಂದ್ ಮಾತ್ರೆ ಇದ್ಯಾ ಅಂತ ಬೆಂಗಳೂರಲ್ಲಿ ಕೇಳ್ತೀನಿ ಎಂದು ಬೈದು, ಮತ್ತೆ ಎತ್ತುತ್ತಿದ್ದರು.

ನಡಿಗೆಗೆ ರೈಲ್ವೆ ಪ್ಲಾಟ್‌ಫಾರಂ. ಮೂವತ್ತು ಮೀಟರ್ ಸಮತಟ್ಟಾದ ಜಾಗದಲ್ಲಿ ಹೋಗಿ ಬಂದು ಮಾಡುತ್ತಾ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಬರೆದುಕೊಳ್ಳಿ ಎಂದಿದ್ದರು ಫಿಸಿಯೋ ಮೇಡಂ. ನಮ್ಮ ಬೀದಿಯಲ್ಲಿ ಮೂವತ್ತು ಮೀಟರಿಗೆ ಎರಡು ಟ್ರಾಕ್ಟರು, ಐದು ನಾಯಿ. ಅದಕ್ಕೇ ಬೆಳಗಿನ ರೈಲು ಹೋದ ಮೇಲೆ ಖಾಲಿಯಾಗುವ ಪ್ಲಾಟ್‌ಫಾರಮ್ಮೇ ಗತಿ. ಮಕ್ಕಳಿಗೆ ಎಣಿಕೆ ಕಲಿಸುವ ಅಂಗನವಾಡಿಯ ಮಣಿಚೌಕಟ್ಟು ಹಿಡಿದು ನಾನು ಬೆಂಚಿನ ಮೇಲೆ ಕೂರುತ್ತಿದ್ದೆ. ಮೂವತ್ತು ಮೀಟರಿಗೆ ಒಂದು ಮಣಿ. ಮೊದಲ ದಿನ ಏಳು ಮಣಿ, ನಡುವೆ ಎರಡು ಸಲ ಕೂತಿದ್ದು. ಫೆಬ್ರವರಿಗೆ ಹನ್ನೊಂದಾಯಿತು. ಆ ಬೆಳಿಗ್ಗೆಗಳನ್ನು ನೆನೆದರೆ ಈಗಲೂ ಬೇವಿನ ಹೂವಿನ ವಾಸನೆ, ಮಿಸ್ಸಿನ ಚಪ್ಪಲಿಯ ಸದ್ದು, ಹಳಿಯ ಆಚೆ ತೆಂಗಿನ ಗರಿಗಳಲ್ಲಿ ಏರುವ ಬಿಸಿಲು ಎಲ್ಲ ಒಟ್ಟಿಗೇ ಬರುತ್ತವೆ. ನನಗೆ ಗೊತ್ತಿಲ್ಲದೆ ನಾನು ಸುಖವಾಗಿದ್ದೆ.

ಅದನ್ನು ಹಾಳು ಮಾಡಲು ಇನ್ನೊಬ್ಬರು ಬೇಕಾಗಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ ನಾನು ಬೇಗ ಹೋಗಿ ನಲ್ಲಿಯ ಗೋಡೆಯ ಹಿಂದೆ ಅಡಗಿ ಕೂತೆ. ಮಿಸ್ಸು ಆಗ ತಾನೇ ಬಂದು ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದರು. ಮೆಲ್ಲಗೆ ನಡೆಯುವ ಹತ್ತು ನಿಮಿಷ ಇನ್ನೂ ಶುರುವಾಗಿರಲಿಲ್ಲ. ನಾನು ಬಿದ್ದ ಮಗುವಿನ ಹಾಗೆ ಅತ್ತೆ. ನನ್ನ ಬಾಲ್ಯದ ಅಳುವಲ್ಲ, ಅದು ಅವರಿಗೆ ಗೊತ್ತಿತ್ತು. ಹೊಸದು, ಎರಡು ವರ್ಷದ ಮಗುವಿನದು, ವಾರವಿಡೀ ಅಭ್ಯಾಸ ಮಾಡಿದ್ದು. ಗುರುವಿಗೆ ನನ್ನ ವಿದ್ಯೆ ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ.

ಮಿಸ್ಸು ಓಡಿದರು. ಹಳೇ ಮಿಸ್ಸು ಓಡಿದ ಹಾಗೇ, ಒಂದು ಉಸಿರಿನೊಳಗೆ. ಹದಿನೈದು ಹೆಜ್ಜೆ ಓಡಿರಬೇಕು. ಆಮೇಲೆ ಕಾಲುಗಳು ಮಡಚಿಕೊಂಡವು. ಯಾರೋ ಮೇಲಿನಿಂದ ದಾರ ಬಿಟ್ಟ ಹಾಗೆ ಪ್ಲಾಟ್‌ಫಾರಂ ಮೇಲೆ ಕುಸಿದರು. ನಾನು ಹೋಗಿ ಹಿಡಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಮಂಡಿ ಕೆತ್ತಿಹೋಗಿತ್ತು. ಅವರು ನನ್ನನ್ನು ನೋಡಲಿಲ್ಲ. ನನ್ನ ಭುಜದ ಆಚೆ, ಹಳಿಯ ಕಡೆ ನೋಡುತ್ತಿದ್ದರು.

"ಮಗು ಎಲ್ಲೋ? ಮೊದ್ಲು ಮಗು ನೋಡ್ ಹೋಗೋ."

ನಾನೇ ಮಿಸ್, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ನನ್ನ ಜೀವನದಲ್ಲಿ ನಾನು ಎಷ್ಟೋ ಜನರ ದನಿಯಲ್ಲಿ ಮಾತಾಡಿದ್ದೇನೆ. ಆ ಎರಡು ಪದವನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದಷ್ಟು ಕಷ್ಟ ಯಾವುದೂ ಆಗಿಲ್ಲ.

ಅವರು ಬೈಯಲಿಲ್ಲ. ಕೂತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಬೆರಳು ತೆಗೆದುಕೊಂಡು ತಮ್ಮ ಮಣಿಕಟ್ಟಿನ ಮೇಲೆ ಇಟ್ಟರು. ನಾಡಿ ಧಡಧಡ ಓಡುತ್ತಿತ್ತು, ಆದರೆ ಓಡುವುದು ಮುಗಿದು ಎಷ್ಟೋ ಹೊತ್ತಾಗಿತ್ತು. ಈಗ ಎದ್ದ ನೋಡು ಹೊಸ ಅಡ್ಮಿಷನ್ನು, ಅಂದರು. ಅಷ್ಟೇ. ಮನೆಗೆ ಬರುವಾಗ ರೈಲ್ವೆ ಗೇಟಿನ ಹತ್ತಿರ ನಿಂತು, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು.

"ನಿಜವಾದ್ ಮಗು ಆಗಿದ್ರೆ? ಹಳಿ ಮೇಲೆ ಇದ್ದಿದ್ರೆ? ನಾನ್ ಇಲ್ಲೇ ಬಿದ್ದಿರ್ತಿದ್ದೆ. ರಾಗಿ ಎತ್ಬೋದು ಕಣೋ. ಓಡಕಾಗ್ದಿರೋಳ್ ಕೈಲಿ ಮಕ್ಕಳ್ನ ಯಾಕ್ ಕೊಡ್ತಾರೆ. ಬರೆದ್ ಕೊಟ್ಬುಡ್ತೀನಿ."

ಮೂರು ದಿನ ಅವರು ಪ್ಲಾಟ್‌ಫಾರಮ್ಮಿಗೆ ಬರಲಿಲ್ಲ. ರಾಗಿ ಮಗು ಮೂಲೆಯಲ್ಲಿ ಮಕಾಡೆ ಬಿದ್ದಿತ್ತು. ನಾನೂ ಆಗ ತಾನೇ ಸೇರಿದ್ದ ರೆಕಾರ್ಡಿಂಗ್ ಅಂಗಡಿಗೆ ಹೋಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳೂ ಅಲ್ಲ, ಯಾವ ದನಿಯೂ ಬರುತ್ತಿರಲಿಲ್ಲ. ಅಮ್ಮ ಬೈದರೆ ಸುಮ್ಮನೆ ಕೇಳಿಸಿಕೊಂಡೆ, ಅವಳ ಅಣಕ ಮಾಡಲಿಲ್ಲ. ಅವಳಿಗೆ ಅದೇ ಹೆದರಿಕೆಯಾಗಿ ಹಣೆ ಮುಟ್ಟಿ ನೋಡಿದಳು.

ನಾಲ್ಕನೇ ದಿನ ಕ್ಷಮೆ ಕೇಳಲು ಮಿಸ್ಸಿನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಡಿಲಲ್ಲಿ ಬಿಳಿ ಹಾಳೆ. ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯ ಎರಡು ವರ್ಷದ ಹುಡುಗಿ ಬೀದಿಯಲ್ಲಿ ಎಡವಿ ಬಿದ್ದಳು. ನಿಜವಾದ ಮಗು, ನಿಜವಾದ ಅಳು. ನಾನು ಎದ್ದೆ. ಮಿಸ್ಸೂ ಏಳಲು ಹೋದರು, ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು, ಅಷ್ಟಕ್ಕೇ ನಿಂತರು. ನನ್ನನ್ನೂ ಕೈ ಸನ್ನೆಯಲ್ಲೇ ತಡೆದರು. ಒಂದು ಕ್ಷಣ ಕಿವಿಗೊಟ್ಟು ಕೇಳಿದರು. ಆಮೇಲೆ, ಕೂತಲ್ಲಿಂದಲೇ, ಆ ಹುಡುಗಿಯ ಅಳುವನ್ನು ಅತ್ತರು. ಮಾಸ್ಕಿನ ಒಳಗಿನಿಂದ ಅದು ಬಾವಿಯಿಂದ ಬಂದ ಹಾಗೆ ಕೇಳಿಸಿತು, ಆದರೆ ಒಂದು ಎಳೆಯೂ ತಪ್ಪಿರಲಿಲ್ಲ.

ಹುಡುಗಿ ಗಪ್ಪನೆ ನಿಲ್ಲಿಸಿದಳು. ಈ ನನ್ನ ಅಳು ಯಾರ ಹತ್ತಿರ ಹೋಯಿತು ಎನ್ನುವ ಹಾಗೆ ಸುತ್ತ ನೋಡಿದಳು. ಜಗಲಿ ಕಂಡಿತು. ತಾನೇ ಎದ್ದಳು, ಮಂಡಿಯ ಮಣ್ಣನ್ನೂ ಒರೆಸಿಕೊಳ್ಳದೆ ನೇರ ನಡೆದು ಬಂದು ಮಿಸ್ಸಿನ ಮಂಡಿ ಹಿಡಿದು ನಿಂತಳು.

ಮಿಸ್ಸು ಆ ಹುಡುಗಿಯ ತಲೆ ಸವರುತ್ತಾ, ಇಪ್ಪತ್ತು ವರ್ಷ ಸುಮ್ನೆ ಓಡ್ದೆ ಕಣೋ ಅಂದರು. ಬಿಳಿ ಹಾಳೆಯನ್ನು ಮಡಚಿ ಅವಳಿಗೆ ದೋಣಿ ಮಾಡಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ಲಾ ನೋಡ್ತಿದೀಯ. ಆ ರಾಗಿ ಮಗು ಎತ್ಕಂಡ್ ಬಾ. ಮೂರ್ ದಿನದಿಂದ ಉಪವಾಸ ಬಿದ್ದದೆ."

ನಾನು ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಲಿಲ್ಲ ಅನಿಸುತ್ತದೆ.

ಜೂನಿನ ತೂಕದ ದಿನ ನಾನು ಅಂಗನವಾಡಿಯ ಕಿಟಕಿಯಲ್ಲಿದ್ದೆ. ಸೂಪರ್‌ವೈಸರ್ ಮೇಡಂ ಬಂದು ಕುರ್ಚಿಯಲ್ಲಿ ಕೂತರು. ಮಿಸ್ಸು ತಕ್ಕಡಿಯ ಹತ್ತಿರ ಹೋಗಲೇ ಇಲ್ಲ. ಮಕ್ಕಳನ್ನೆಲ್ಲ ಎಬ್ಬಿಸಿ ಅಭಿನಯದ ಪದ್ಯ ಶುರು ಮಾಡಿದರು. ಆನೆ ನಡೆಯಿತು, ಕಪ್ಪೆ ಕುಪ್ಪಳಿಸಿತು, ಗಾಳಿಗೆ ಮರ ತೂಗಿತು. ಹತ್ತು ನಿಮಿಷ. ಇದು ಮಕ್ಕಳ ಪಾಠ ಎಂದು ಮೇಡಂ ಮೆಚ್ಚಿ ತಲೆದೂಗುತ್ತಿದ್ದರು. ಪಾಠ ನಡೆಯುತ್ತಿದ್ದದ್ದು ಹೊಸ ಅಡ್ಮಿಷನ್ನಿಗೆ ಎಂದು ಗೊತ್ತಿದ್ದವರು ನಾವಿಬ್ಬರೇ. ಆಮೇಲೆ ಮಿಸ್ಸು ಇರುವವರಲ್ಲೆಲ್ಲ ಗುಂಡಗಿದ್ದ ಹುಡುಗನನ್ನು ತಾವಾಗಿ ಆರಿಸಿ, ಬಗ್ಗಿ, ತೊಡೆ ಗಟ್ಟಿ ಮಾಡಿ, ಎತ್ತಿದರು. ಎರಡು ಕಾಲನ್ನೂ ಚಡ್ಡಿಗೆ ಇಳಿಬಿಟ್ಟರು. ಮುಳ್ಳು ಓಡಾಡಿ ಹದಿನಾಲ್ಕರ ಹತ್ತಿರ ನಿಂತಿತು. ಮೇಡಂ ಬರೆದುಕೊಂಡರು. ಮಿಸ್ಸು ಕಿಟಕಿಯ ಕಡೆ ತಿರುಗಿ ಸೆರಗು ಸರಿಸಿ ಎಡತೋಳು ತೋರಿಸಿದರು. ಎರಡು ಗುಳಿಗಳ ನಡುವೆ ಮತ್ತೆ ಜಾಗ ಬಂದಿತ್ತು.

ಐದು ವರ್ಷ ಕೆಲಸ ಮಾಡಿದರು. ಪ್ಲಾಟ್‌ಫಾರಮ್ಮಿನಲ್ಲಿ ಹದಿನಾರು ಮಣಿಯ ತನಕ ಹೋದರು. ಮಗು ಅತ್ತರೆ ಓಡಲಿಲ್ಲ. ನಿಂತಲ್ಲಿಂದ ಅಳು ಕಳಿಸುತ್ತಿದ್ದರು, ಮಗು ಬರುತ್ತಿತ್ತು. ವರ್ಷ ವರ್ಷ ಜೂನಿನಲ್ಲಿ ಹೊಸ ಮಕ್ಕಳಿಗೆ ಎದೆ ತೋರಿಸಿ, ನನ್ ಒಳಗೂ ಒಬ್ಬ ಹೊಸಬ ಅವ್ನೆ, ಅವನಿಗೂ ಅಮ್ಮನ ನೆನಪಾಗ್ತದೆ, ಆದ್ರೂ ಅಳಲ್ಲ ನೋಡಿ ಎನ್ನುತ್ತಿದ್ದರು. ಮಕ್ಕಳು ಸರದಿಯಲ್ಲಿ ಬಂದು ಕಿವಿ ಇಟ್ಟು ಕೇಳುತ್ತಿದ್ದವು.

ಅಳದೇ ಇದ್ದದ್ದೇ ತೊಂದರೆಯಾಯಿತು. ಹೋದ ವರ್ಷ ಒಂದು ತೂಕದ ದಿನ, ಎಲ್ಲ ಮಕ್ಕಳ ಚುಕ್ಕೆ ಇಟ್ಟಾದ ಮೇಲೆ, ಯಾಕೋ ಸುಸ್ತು ಎಂದು ಸಹಾಯಕಿಗೆ ಹೇಳಿ ಮನೆಗೆ ಬಂದು ಮಲಗಿದರು. ನಾಲ್ಕು ಗಂಟೆಗೆ ಯಜಮಾನರು ಕಾಫಿ ತಂದಾಗ ಏಳಲಿಲ್ಲ. ಹೊಸ ಹೃದಯದ ರಕ್ತನಾಳಗಳು ಒಳಗೊಳಗೇ ಕಿರಿದಾಗಿದ್ದವಂತೆ. ಬೇರೆಯವರಿಗಾದರೆ ಎದೆನೋವು ಬಂದು ಎಚ್ಚರಿಸುತ್ತದೆ. ಇವರ ಹೃದಯಕ್ಕೆ ನೋವು ಹೇಳುವ ನರವೇ ಇರಲಿಲ್ಲ. ನೂರಾರು ಮಕ್ಕಳ ಅಳು ಕೇಳಿ ಅರ್ಥ ಮಾಡಿಕೊಂಡ ಹೆಂಗಸಿನ ಒಳಗಿದ್ದ ಮಗು ಕೊನೆಗೂ ಬಾಯಿ ಬಿಡಲಿಲ್ಲ.

ಅವತ್ತು ಇಡೀ ಊರು ಅತ್ತಿತು, ನಾನು ಅಳಲಿಲ್ಲ. ಬಂದವರಿಗೆ ನೀರು ಕೊಟ್ಟೆ, ಕುರ್ಚಿ ಹಾಕಿದೆ. ತೋಳಿನ ಗುಳಿಗಳನ್ನು ಕೊನೆಯ ಸಲ ನೋಡಿದೆ. ಯಜಮಾನರು ರಾಗಿ ಮಗುವನ್ನು ತಂದು ನನ್ನ ಕೈಗಿಟ್ಟು ಒಳಗೆ ಹೋದರು. ಎಲ್ಲರನ್ನೂ ನಗಿಸುತ್ತಿದ್ದ ಹುಡುಗನಿಗೆ ಕಣ್ಣೀರೂ ಬರಲಿಲ್ಲವಲ್ಲ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ನನಗೂ ಹಾಗೇ ಅನಿಸಿತ್ತು.

ತಿಂಗಳಾಗಿತ್ತು. ಬೈಕಿನಲ್ಲಿ ತುಮಕೂರಿಗೆ ಹೊರಟವನಿಗೆ ಅಂಗನವಾಡಿಯ ಒಳಗಿನಿಂದ ಒಂದು ಅಳು ಕೇಳಿಸಿತು. ಬಂದು ಎರಡು ದಿನವಾಗಿದ್ದ ಹೊಸ ಮಿಸ್ಸು ಬಿಸ್ಕತ್ತು ಹಿಡಿದು ಗೋಗರೆಯುತ್ತಿದ್ದರು. ಬಾಗಿಲಲ್ಲಿ ಒಂದು ಪುಟ್ಟ ಹುಡುಗಿ, ಮೊದಲ ದಿನ ಇರಬೇಕು, ಜಗತ್ತೇ ಮುಗಿಯಿತು ಅನ್ನುವ ಹಾಗೆ ಅಳುತ್ತಿದ್ದಳು. ಬೈಕ್ ನಿಲ್ಲಿಸಿದೆ. ಕೇಳಿದೆ. ಅವಳದ್ದು ಎರಡು ಭಾಗದ ಅಳು, ನಡುವೆ ಒಂದು ಸಣ್ಣ ಗೊಣಗು. ಮೆಟ್ಟಿಲ ಮೇಲೆ ಕೂತು ಅದನ್ನು ಅವಳಿಗೆ ವಾಪಸ್ ಕೊಟ್ಟೆ. ಗೊಣಗನ್ನೂ ಬಿಡಲಿಲ್ಲ.

ಹುಡುಗಿ ನಿಲ್ಲಿಸಿದಳು, ನನ್ನನ್ನೇ ನೋಡಿದಳು. ಈಗ ರಾಗವನ್ನು ತಿರುಗಿಸಿ ರೈಲು ಮಾಡಬೇಕು. ಅದೇ ಪಾಠ. ಆದರೆ ರೈಲು ಬರಲಿಲ್ಲ. ಅಣಕದ ಅಳು ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಉದ್ದನೆಯ ರಾಗ, ಬಿಕ್ಕಳಿಕೆ, ಮೂಗಿನ ಸಿಳ್ಳೆ. ಇಪ್ಪತ್ತಮೂರು ವರ್ಷದಿಂದ ಮಿಸ್ಸಿನ ಬಾಯಲ್ಲಿ ಮಾತ್ರ ಕೇಳಿದ್ದ ನನ್ನ ಸ್ವಂತ ಅಳು. ಮೆಟ್ಟಿಲ ಮೇಲೆ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಬೀದಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ ಅಳುತ್ತಿದ್ದೆ.

ಆ ಹುಡುಗಿ ಹತ್ತಿರ ಬಂದಳು. ನನ್ನ ಬಾಯನ್ನೇ ಗಮನವಿಟ್ಟು ನೋಡುತ್ತಾ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಹಾಗೇ ಅತ್ತಳು. ಸಿಳ್ಳೆ ಮಾತ್ರ ಸರಿಯಾಗಿ ಬರಲಿಲ್ಲ.